ಅದು ‘ಚಾವ್ಲ್’ ಅಲ್ಲ, ಚಾಳ

ಮುಂಬೈನ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಕಟ್ಟಡಗಳ ಸುದ್ದಿ ಬಂದಾಗಲೆಲ್ಲ ‘ಚಾವ್ಲ್’ ಎಂಬ ಪದ ಕಣ್ಣಿಗೆ ಬೀಳುತ್ತದೆ. ಮೊನ್ನೆ ಒಂದೇ ವರದಿಯಲ್ಲಿ ನಾಲ್ಕು ಸಲ ಇತ್ತು. ಐದನೇ ಸಲ ಅದು ‘ಕೊಳೆಗೇರಿ’ ಆಗಿತ್ತು. ಎರಡೂ ತಪ್ಪು.

ಮೂಲ ಪದ ಮರಾಠಿಯ ‘ಚಾಳ’. ಇಂಗ್ಲಿಷಿನಲ್ಲಿ ಳ ಇಲ್ಲ. ಹಾಗಾಗಿ ಅವರು ಕೊನೆಗೆ ಎಲ್ ಇಟ್ಟರು, ಅದರ ಹಿಂದೆ ಒಂದು ಡಬ್ಲ್ಯೂ ಸೇರಿಸಿದರು. ಆ ಡಬ್ಲ್ಯೂ ಇರುವುದು ಸ್ವರ ಎಳೆಯುವುದಕ್ಕೆ, ‘ವ’ ಅನ್ನುವುದಕ್ಕಲ್ಲ. ನಾವು ಸುಮ್ನೆ ಆ ಸ್ಪೆಲಿಂಗನ್ನೇ ಕನ್ನಡಕ್ಕೆ ಇಳಿಸಿದೆವು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯಿತು. ಮರಾಠಿಯಲ್ಲೂ ಳ ಇದೆ, ನಮ್ಮಲ್ಲೂ ಇದೆ. ಹುಬ್ಬಳ್ಳಿ ಕಡೆ ಸಾಲುಮನೆಗಳಿಗೆ ಇವತ್ತಿಗೂ ಚಾಳ ಅಂತಲೇ ಅನ್ನುತ್ತಾರೆ. ಮರಾಠಿಯಲ್ಲಿ ಕುಣಿಯುವವರ ಗೆಜ್ಜೆಸರಕ್ಕೂ ಚಾಳ ಎಂಬ ಹೆಸರಿದೆ. ದಾರಕ್ಕೆ ಪೋಣಿಸಿದ ಗೆಜ್ಜೆಗಳ ಹಾಗೆ ಒಂದೇ ವರಾಂಡಕ್ಕೆ ಬಾಗಿಲಿಟ್ಟ ಖೋಲಿಗಳು, ಅಂದರೆ ಕೋಣೆಗಳು. ನನಗಂತೂ ಚಾಳ ಅಂದಾಗ ಈ ಚಿತ್ರವೇ ಕಣ್ಮುಂದೆ ಬರುತ್ತದೆ.

ಇನ್ನು ಕೊಳೆಗೇರಿ. ಜೋಪಡಿಯನ್ನು ಇರುವವರೇ ಕಟ್ಟಿಕೊಳ್ಳುತ್ತಾರೆ. ಚಾಳ ಬಾಡಿಗೆಗೆಂದೇ ಕಟ್ಟಿಸಿದ್ದು. ಮುಂಬೈನ ಮೊದಲ ಹತ್ತಿ ಗಿರಣಿ 1856ರಲ್ಲಿ ಕೆಲಸ ಶುರುಮಾಡಿತು. ಗಿರಣಿಗಳು ಹೆಚ್ಚಿದಂತೆ ರತ್ನಾಗಿರಿ ಕಡೆಯಿಂದ ಗಂಡಸರು ಬರತೊಡಗಿದರು. ಅವರಿಗೆ ಖಾಸಗಿ ಮಾಲೀಕರು ಚಾಳ ಕಟ್ಟಿಸಿದರು, ಕೆಲವು ಗಿರಣಿಯವರೂ ಕಟ್ಟಿಸಿದರು. 1920ರ ದಶಕದಲ್ಲಿ ಸರ್ಕಾರವೇ ಕಟ್ಟಿಸಿದವು ಬಿಡಿಡಿ ಚಾಳಗಳು. ವರ್ಳಿ, ನಾಯಗಾಂವ್, ಶಿವಡಿ, ಡಿಲೈಲ್ ರಸ್ತೆ ಸೇರಿ 207 ಕಟ್ಟಡ. ಒಂದು ಖೋಲಿಗೆ 160 ಚದರಡಿ. ಕಕ್ಕಸು ಎಲ್ಲರಿಗೂ ಸೇರಿ.

ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು ಹಲವರು ಸೇರಿ ಒಂದು ಖೋಲಿ ಹಿಡಿಯುತ್ತಿದ್ದರು. ಗೋಡೆಗುಂಟ ಟ್ರಂಕುಗಳು, ಮೇಲೆ ಸುತ್ತಿಟ್ಟ ಹಾಸಿಗೆ, ಮೊಳೆಗೆ ಅಂಗಿ. ರಾತ್ರಿ ಪಾಳಿ ಬಂದಮೇಲೆ, ಒಬ್ಬ ಎದ್ದುಹೋದ ಜಾಗದಲ್ಲೇ ಇನ್ನೊಬ್ಬ ಬಂದು ಮಲಗುವುದು. ಸೆಕೆ ಜಾಸ್ತಿಯಾದರೆ ಹಾಸಿಗೆ ಫುಟ್‌ಪಾತಿಗೆ. ಊಟ ಖಾನಾವಳಿಯದು. ಅದೇ ಓಣಿಯ ಹೆಂಗಸರು ತಮ್ಮ ಖೋಲಿಯ ಒಲೆಯಲ್ಲೇ ಹತ್ತಾರು ಜನಕ್ಕೆ ಬೇಯಿಸಿ ಹಾಕುತ್ತಿದ್ದರು. ಲೆಕ್ಕ ತಿಂಗಳಿಗೊಮ್ಮೆ. ಗಿರಣಿ, ಖೋಲಿ, ಪಾಳಿ, ಖಾನಾವಳಿ. ಧಾರವಾಡದವರಿಗೆ ಇದರಲ್ಲಿ ಯಾವ ಪದ ಹೊಸದು, ಹೇಳಿ? ಚಾಳ ಒಂದನ್ನೇ ಯಾಕೆ ಇಂಗ್ಲಿಷಿನಿಂದ ತರಬೇಕು?

‘ವಠಾರ’ ಅಂದರೆ ಸಾಲದಾ ಅಂತ ಕೇಳುವವರಿದ್ದಾರೆ. ಹತ್ತಿರದ ಪದ ನಿಜ. ಆದರೆ ವಠಾರ ಅಂದ ಕೂಡಲೇ ನಡುವೆ ಅಂಗಳ, ಬಾವಿಕಟ್ಟೆ, ಮುಂದಿನ ಮನೆಯಲ್ಲಿ ಮಾಲೀಕರು ಕಣ್ಣಿಗೆ ಬರುತ್ತಾರೆ. ಚಾಳದಲ್ಲಿ ಅಂತಸ್ತಿನ ಮೇಲೆ ಅಂತಸ್ತು, ಕಿವಿಗೆ ಗಿರಣಿಯ ಭೋಂಗಾ, ಅಂದರೆ ಸೈರನ್.

ಒಂದು ಮಾತು ಉಳಿಯಿತು. ಬಹುವಚನ ‘ಚಾಳಗಳು’. ‘ಚಾಳಿಗಳು’ ಎಂದು ಬರೆದರೆ ಅದು ಕೆಟ್ಟ ಅಭ್ಯಾಸಗಳ ಮಾತಾಗುತ್ತದೆ.