‘ಒಪ್ಕೊಂಡ್ಮೇಲೆ ಇನ್ನೇನಿದೆ ಸಾರ್?’

ಐರ್ಲೆಂಡಿನ ಹಳ್ಳಿಗಳಲ್ಲಿ ನಡೆಯುವ ಕ್ರೈಂ ಸೀರಿಯಲ್‌ಗಳ ಹುಚ್ಚು ಈಗ ನಮ್ಮ ಕಕ್ಷಿದಾರರಿಗೂ ಹತ್ತಿದೆ. ಬಿಡದ ಮಳೆ, ಬಾಯಿ ಬಿಡದ ಊರು, ಇಪ್ಪತ್ತು ವರ್ಷದ ಹಿಂದೆ ಹೂತ ಗುಟ್ಟು. ಕಂತಿನ ಮೇಲೆ ಕಂತು ಎಳೆದು, ಕೊನೆಗೆ ಯಾರೋ ಒಬ್ಬರು ಕಣ್ಣೀರಿಟ್ಟು ‘ನಾನೇ’ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನನಗೂ ಇವು ಇಷ್ಟವೇ. ತಕರಾರು ಇರುವುದು ಆ ‘ನಾನೇ’ಯ ಬಗ್ಗೆ. ಅದನ್ನು ನೋಡಿ ನೋಡಿ ಜನ ನನ್ನ ಆಫೀಸಿಗೆ ಬಂದು, ಸ್ಟೇಷನ್ನಿನಲ್ಲಿ ಬರೆದುಕೊಂಡ ಸ್ವ-ಇಚ್ಛಾ ಹೇಳಿಕೆಯ ಜೆರಾಕ್ಸ್ ಮೇಜಿನ ಮೇಲಿಟ್ಟು, ‘ಹುಡುಗ ಒಪ್ಕೊಂಡ್ಬಿಟ್ಟಿದಾನೆ, ಇನ್ನೇನಿದೆ ಸಾರ್?’ ಅನ್ನುತ್ತಾರೆ. ಆರೋಪಿಯ ಸ್ವಂತ ಚಿಕ್ಕಪ್ಪನೇ ಹಾಗೆ ಹೇಳುವಾಗ ನನಗೆ ರೇಗುತ್ತದೆ.

ಐರ್ಲೆಂಡಿನ ಕಥೆ ಬೇಕಿದ್ದರೆ ಅಲ್ಲಿ ನಿಜವಾಗಿ ನಡೆದದ್ದನ್ನೇ ಹೇಳುತ್ತೇನೆ.

1984ರ ಏಪ್ರಿಲ್ 14. ನೈರುತ್ಯದ ಕೆರ್ರಿ ಕೌಂಟಿಯಲ್ಲಿ ಕಹರ್ಸಿವೀನ್ ಎಂಬ ಊರಿನ ಹತ್ತಿರದ ವೈಟ್ ಸ್ಟ್ರ್ಯಾಂಡ್ ಕಡಲತೀರ. ಓಡಲು ಹೋದವರೊಬ್ಬರಿಗೆ ಬಂಡೆಗಳ ನಡುವೆ ನವಜಾತ ಗಂಡುಮಗುವಿನ ಶವ ಕಂಡಿತು. ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಇರಿತ. ಅಲ್ಲಿನ ಪೊಲೀಸರು, ಅಂದರೆ ಗಾರ್ಡಾ, ಬಸುರಿಯಾಗಿದ್ದು ಕೈಯಲ್ಲಿ ಮಗುವಿಲ್ಲದ ಹೆಂಗಸರನ್ನು ಹುಡುಕತೊಡಗಿದರು. ಡಬ್ಲಿನ್‌ನಿಂದ ಕೊಲೆ ತನಿಖಾ ತಂಡವೂ ಬಂತು. ಎಂಬತ್ತು ಕಿಲೋಮೀಟರ್ ಆಚೆ ಆ್ಯಬಿಡಾರ್ನಿಯ ಒಂದು ಕೃಷಿಕ ಮನೆಯಲ್ಲಿ ಅಂಥ ಹೆಣ್ಣುಮಗಳು ಸಿಕ್ಕಳು. ಮದುವೆಯಾಗಿಲ್ಲ, ಸಂಬಂಧವಿದ್ದದ್ದು ಮದುವೆಯಾದ ಗಂಡಸಿನ ಜೊತೆ. ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಜಗತ್ತು ಸಾಕಷ್ಟು ಬರೆದಾಗಿದೆ.

ಮೇ 1ರಂದು ಟ್ರಲೀ ಸ್ಟೇಷನ್ನಿನಲ್ಲಿ ವಿಚಾರಣೆ. ಸಂಜೆಯೊಳಗೆ ಆಕೆಯ ಸಹಿ, ಮನೆಯವರ ಸಹಿ, ಎಲ್ಲವೂ ಕಾಗದದ ಮೇಲೆ. ಮಗುವನ್ನು ಇರಿದದ್ದು, ಚೀಲಕ್ಕೆ ಹಾಕಿದ್ದು, ರಾತ್ರಿ ಕಾರಿನಲ್ಲಿ ಡಿಂಗಲ್ ಪರ್ಯಾಯದ್ವೀಪದ ತುದಿಯ ಸ್ಲೀ ಹೆಡ್‌ಗೆ ಒಯ್ದು ಕಡಲಿಗೆ ಎಸೆದದ್ದು. ಹೇಳಿಕೆಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿದ್ದವು.

ಇದಕ್ಕೆ ಮೊದಲೇ ಆಕೆ ಇನ್ನೊಂದು ಮಾತು ಹೇಳಿದ್ದಳು. ನನ್ನ ಮಗು ಹುಟ್ಟಿದ್ದೂ ನಿಜ, ಸತ್ತಿದ್ದೂ ನಿಜ, ಅದನ್ನು ನಮ್ಮ ಹೊಲದಲ್ಲೇ ಬಚ್ಚಿಟ್ಟಿದ್ದೇನೆ ಎಂದು. ಪೊಲೀಸರು ಹೋಗಿ ನೋಡಿ, ಏನೂ ಇಲ್ಲ ಎಂದು ವಾಪಸಾದರು. ಮರುದಿನ ಆ ಶವ ಹೊಲದಲ್ಲೇ ಸಿಕ್ಕಿತು. ಆಮೇಲೆ ರಕ್ತಪರೀಕ್ಷೆಯ ವರದಿ ಬಂತು: ಕಡಲತೀರದ ಮಗುವಿನದು ಎ ಗುಂಪು. ಈಕೆಯದು ಓ, ಆ ಗಂಡಸಿನದೂ ಓ. ತಂದೆತಾಯಿ ಇಬ್ಬರೂ ಓ ಆದರೆ ಮಗು ಎ ಆಗುವುದಿಲ್ಲ.

ಇಷ್ಟಾದ ಮೇಲೆ ಕಡತ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಆಕೆ ಹೆತ್ತದ್ದು ಅವಳಿ ಮಕ್ಕಳನ್ನು, ಹೊಲದ ಮಗುವಿಗೂ ಕಡಲತೀರದ ಮಗುವಿಗೂ ಬೇರೆ ಬೇರೆ ತಂದೆ ಎಂಬ ವಾದ ಹುಟ್ಟಿತು. ವೈದ್ಯಶಾಸ್ತ್ರದಲ್ಲಿ ಅಂಥದ್ದು ಅಪರೂಪಕ್ಕೆ ಉಂಟು. ಆದರೆ ಇಲ್ಲಿ ಅದು ಬೇಕಾದದ್ದು ಯಾತಕ್ಕೆ? ಸಹಿಯಾದ ಕಾಗದವನ್ನು ಉಳಿಸಿಕೊಳ್ಳುವುದಕ್ಕೆ. ಅಕ್ಟೋಬರ್‌ನಲ್ಲಿ ಆರೋಪಗಳನ್ನು ಕೈಬಿಟ್ಟರು. 1985ರ ಜನವರಿಯಲ್ಲಿ ನ್ಯಾಯಮೂರ್ತಿ ಕೆವಿನ್ ಲಿಂಚ್ ಅವರ ವಿಚಾರಣಾ ಆಯೋಗ ಕೂತಿತು. ಕೂತದ್ದು ಪೊಲೀಸರ ನಡತೆಯನ್ನು ನೋಡಲು. ಕಟಕಟೆಯಲ್ಲಿ ದಿನಗಟ್ಟಲೆ ಬೆಂದದ್ದು ಆಕೆಯ ಖಾಸಗಿ ಬದುಕು. ಹೊರಗಿನ ಹೆಂಗಸರು ಆಕೆಗೆ ಹಳದಿ ಗುಲಾಬಿ ಕಳಿಸಿದರು. ಕಡಲತೀರದ ಮಗು ಆಕೆಯದಲ್ಲ ಎಂದು ಡಿಎನ್‌ಎ ಪರೀಕ್ಷೆ ತೋರಿಸಿದ ಬಳಿಕ ಗಾರ್ಡಾ ಕ್ಷಮೆ ಕೇಳಿದ್ದು 2018ರಲ್ಲಿ. ಸರ್ಕಾರದ ಕ್ಷಮೆ 2020ರ ಡಿಸೆಂಬರ್‌ನಲ್ಲಿ; ಆಯೋಗ ಆಕೆಯ ವಿರುದ್ಧ ಕೊಟ್ಟಿದ್ದ ನಿರ್ಣಯಗಳೆಲ್ಲ ಆಧಾರರಹಿತ ಎಂದು ಹೈಕೋರ್ಟ್ ಘೋಷಿಸಿದ್ದೂ ಆಗಲೇ.

‘ಮಾಡದಿದ್ದರೆ ಯಾಕೆ ಒಪ್ಪಿಕೊಂಡಳು?’ ಅಂತ ತಾನೇ ಕೇಳುತ್ತೀರಿ? ಎಲ್ಲರೂ ಕೇಳುತ್ತಾರೆ. ಆಕೆಯ ಎದೆಯಲ್ಲಿ ಒಂದು ಮಗುವಿನ ಸಾವು ಮೊದಲೇ ಕೂತಿತ್ತು. ಪಾಪಪ್ರಜ್ಞೆ ಅಪ್ಪಟ, ಅದಕ್ಕೆ ಅಂಟಿಸಿದ ಅಪರಾಧ ಮಾತ್ರ ಬೇರೆಯವರದು. ಅಳುತ್ತಾ ಒಪ್ಪಿಕೊಂಡರು, ಆದ್ದರಿಂದ ನಿಜ ಎನ್ನುವವರು ಈ ಸಾಧ್ಯತೆಯನ್ನು ಯೋಚಿಸುವುದೇ ಇಲ್ಲ. ನನ್ನ ಒಬ್ಬ ಕಕ್ಷಿದಾರನ ತಾಯಿ ಒಮ್ಮೆ ಹೇಳಿದ್ದರು: ‘ಅವನು ಚಿಕ್ಕಂದಿನಿಂದ್ಲೂ ಹಂಗೇ ಸಾರ್. ಮನೇಲಿ ಲೋಟ ಒಡೆದ್ರೆ, ಯಾರು ಒಡೆದಿದ್ರೂ, ಇವನೇ ಮೊದಲು ಅಳೋನು.’ ಆ ಮಾತನ್ನು ಸಾಕ್ಷ್ಯವೆಂದು ಹಾಜರುಪಡಿಸಲಾಗದು. ಆದರೆ ಹೇಳಿಕೆಯನ್ನು ಇನ್ನೊಮ್ಮೆ ಓದುವಂತೆ ಅದು ನನ್ನನ್ನು ಕೂರಿಸಿತು.

ಒಪ್ಪಿಗೆಯೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಗಮನಿಸಿ. ಅದರ ಹಿಂದಿನ ವರ್ಷ, 1983ರಲ್ಲಿ, ಇಂಗ್ಲೆಂಡಿನ ಚೆಶೈರ್‌ನ ಲಿಂಡೋ ಮಾಸ್ ಎಂಬ ಜೌಗುನೆಲದಲ್ಲಿ ಹೆಂಗಸಿನ ತಲೆಬುರುಡೆಯೊಂದು ಸಿಕ್ಕಿತು. ಪಕ್ಕದಲ್ಲೇ ಹಿಂದೆ ವಾಸವಿದ್ದ ಒಬ್ಬನ ಹೆಂಡತಿ ಎರಡು ದಶಕದ ಹಿಂದೆ ಕಾಣೆಯಾಗಿದ್ದಳು. ಬುರುಡೆ ಸಿಕ್ಕಿದೆ ಎಂದು ಕೇಳಿದ್ದೇ, ಕೊಂದು ಹೂತಿದ್ದೇನೆ ಎಂದು ಆತ ಒಪ್ಪಿಕೊಂಡ. ಇಂಗಾಲ ಪರೀಕ್ಷೆ ನೋಡಿದರೆ ಬುರುಡೆ ರೋಮನ್ನರ ಕಾಲದ್ದು, ಸುಮಾರು 1,700 ವರ್ಷ ಹಳೆಯದು! ಆದರೂ ಒಪ್ಪಿಗೆಯ ಮೇಲೆಯೇ ಆತನಿಗೆ ಶಿಕ್ಷೆಯಾಯಿತು.

ಅವನ ಮಾತು, ಆಕೆಯ ಮಾತು, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ‘ಎಷ್ಟು ವಿವರವಾಗಿದೆ ನೋಡಿ ಸಾರ್, ಮನೆಯವರೆಲ್ಲ ಒಂದೇ ಹೇಳಿದಾರೆ’ ಎಂಬುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಪ್ರಶ್ನೆ ಕೇಳಿದವರು ಅವರೇ, ಬರೆದುಕೊಂಡವರೂ ಅವರೇ ಆದಾಗ ಉತ್ತರಗಳು ಹೊಂದದೆ ಇನ್ನೇನು? ನೋಡಬೇಕಾದ್ದು ಒಂದೇ: ಪೊಲೀಸರಿಗೆ ಮೊದಲು ಗೊತ್ತಿರದ, ಹೋಗಿ ನೋಡಿದರೆ ನಿಜವಾಗಿ ಸಿಗುವ ಏನಾದರೂ ಆ ಮಾತಿನಲ್ಲಿ ಇದೆಯೇ? ಕೆರ್ರಿಯಲ್ಲಿ ಅಂಥದ್ದು ಒಂದಿತ್ತು, ಹೊಲದ ಮಗು. ಅದನ್ನೇ ನಂಬದೆ, ಕಾರಿನ ಕಥೆಯನ್ನು ನಂಬಿದರು.

ನಮ್ಮ ಕಾನೂನಿಗೆ ಈ ವ್ಯತ್ಯಾಸ ಗೊತ್ತಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುಪಡಿಸುವಂತಿಲ್ಲ. ಅದರಿಂದ ಪತ್ತೆಯಾದ ಸಂಗತಿಗೆ ಸಂಬಂಧಿಸಿದಷ್ಟು ಮಾತ್ರ ನಡೆಯುತ್ತದೆ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 25ರಿಂದ 27ನೇ ಕಲಮುಗಳಲ್ಲಿ ಇದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ರಲ್ಲಿದೆ. ಬ್ರಿಟಿಷರು ಇಲ್ಲಿನ ಪೊಲೀಸರನ್ನು ನಂಬದೆ ಬರೆದ ನಿಯಮವಿದು. ತಮ್ಮ ಪೊಲೀಸರ ಬಗ್ಗೆ ಅವರಿಗೆ ಆ ಅನುಮಾನ ಬರಲಿಲ್ಲ. ಐರ್ಲೆಂಡಿನಲ್ಲಿ ಸ್ವಇಚ್ಛೆಯಿಂದ ಕೊಟ್ಟದ್ದಾದರೆ ಸ್ಟೇಷನ್ನಿನ ಹೇಳಿಕೆಯೂ ಸಾಕ್ಷ್ಯವೇ. ನೆನಪಿರಲಿ, ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯ ವಿಚಾರ ಪೂರ್ತಿ ಬೇರೆ. ಜೊತೆಗೆ, ಪತ್ತೆ ಮಾಡಿದೆವು ಎಂದು ಸ್ಥಳದಲ್ಲಿ ಬರೆದ ಮಹಜರಿನಲ್ಲೂ ಪಂಚರು, ಅಂದರೆ ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವರು, ಯಾರು, ವಸ್ತು ಮೊದಲೇ ಸಿಕ್ಕಿತ್ತೇ ಎಂದು ನೋಡಲೇಬೇಕು. ಇದನ್ನು ಓದಿ ನಿಮ್ಮ ಕೇಸಿನ ತೀರ್ಪು ನೀವೇ ಬರೆದುಕೊಳ್ಳಬೇಡಿ. ಕಾಗದಪತ್ರ ತಂದು ನಿಮ್ಮ ವಕೀಲರಿಗೆ ತೋರಿಸಿ.

ಆ ಕಡಲತೀರದ ಮಗುವಿನ ಪ್ರಕರಣ ಇನ್ನೂ ತೆರೆದೇ ಇದೆ. 2023ರಲ್ಲಿ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಬಂಧಿಸಿ, ಆರೋಪ ಹೊರಿಸದೆ ಬಿಟ್ಟರು. 1984ರ ಮೇ ತಿಂಗಳಲ್ಲಿ ತನಿಖೆಯವರಿಗೆ ಬೇರೆ ಮನೆಗಳ ಬಾಗಿಲು ತಟ್ಟಲು ಸಮಯವಿತ್ತು. ಕೈಯಲ್ಲಿ ಸಹಿ ಇತ್ತಲ್ಲ, ತಟ್ಟುವುದನ್ನು ನಿಲ್ಲಿಸಿದರು.