ರೆಸಿಡೆನ್ಸಿ ಅಪ್ಲಿಕೇಶನ್‌ನಲ್ಲಿ 'ರಿಸರ್ಚ್ ಎಕ್ಸ್‌ಪೀರಿಯನ್ಸ್' ಅಂದ್ರೆ ಏನು?

ನಮ್ಮಲ್ಲಿ ಎಂಬಿಬಿಎಸ್ ಮುಗ್ಸಿ ನೀಟ್ ಪಿಜಿ ಬರೆದ್ರೆ ಮಾತಾಡೋದು ರ‍್ಯಾಂಕ್ ಒಂದೇ, ಕೌನ್ಸೆಲಿಂಗ್‌ನಲ್ಲಿ ನೀವೆಷ್ಟು ರಿಸರ್ಚ್ ಪೇಪರ್ ಬರ್ದಿದೀರಿ ಅಂತ ಯಾರೂ ಕೇಳಲ್ಲ, ಥೀಸಿಸ್ ಅನ್ನೋದೆಲ್ಲ ಸೀಟ್ ಸಿಕ್ಕಿದ ಮೇಲೆ ಶುರುವಾಗೋ ತಲೆನೋವು. ಅಮೆರಿಕಾದಲ್ಲಿ ಪಿಜಿಗೆ ರೆಸಿಡೆನ್ಸಿ ಅಂತಾರೆ, ಅಲ್ಲಿಗೆ ಅಪ್ಲೈ ಮಾಡೋರು ಸೀಟ್ ಸಿಗೋಕ್ಕೆ ಮುಂಚೆನೇ ರಿಸರ್ಚ್ ಮಾಡ್ಕೊಂಡು ಬಂದಿರ್ತಾರೆ. ಅದಕ್ಕೇ ಇಲ್ಲಿಂದ ಹೋಗೋರಿಗೆ ಈ ಪದ ಮೊದಲ ಸಲ ಕೇಳ್ದಾಗ ಗಾಬರಿ ಆಗೋದು.

ಅರ್ಥ ಸಿಂಪಲ್. ಒಂದು ಸಂಶೋಧನೆಯಲ್ಲಿ ನೀವು ನಿಜವಾಗ್ಲೂ ಕೂತು ಕೆಲಸ ಮಾಡಿರೋದು. ಲ್ಯಾಬ್‌ನಲ್ಲಿ ಇಲಿ ಹಿಡ್ಕೊಂಡೇ ಇರ್ಬೇಕು ಅಂತೇನಿಲ್ಲ, ಆಸ್ಪತ್ರೆಯ ಎಂಆರ್‌ಡಿಯಲ್ಲಿ, ಅಂದ್ರೆ ದಾಖಲೆ ಇಡೋ ವಿಭಾಗದಲ್ಲಿ, ಹಳೇ ಕೇಸ್ ಶೀಟ್ ಒಂದೊಂದೇ ತೆಗ್ದು ಕ್ರಿಯಾಟಿನಿನ್ ಎಷ್ಟಿತ್ತು, ಡಿಸ್ಚಾರ್ಜ್ ಯಾವತ್ತಾಯ್ತು ಅಂತ ಎಕ್ಸೆಲ್‌ಗೆ ತುಂಬಿಸಿದ್ರೆ ಅದೂ ರಿಸರ್ಚೇ, ಎಥಿಕ್ಸ್ ಕಮಿಟಿ ಅನುಮತಿ ಇದ್ರೆ ಸಾಕು. ಅಪ್ಲಿಕೇಶನ್ ಹಾಕೋದು ಹೆಚ್ಚಾಗಿ ಎರಾಸ್ ಅನ್ನೋ ಆನ್‌ಲೈನ್ ಸಿಸ್ಟಮ್‌ನಲ್ಲಿ. ಅದ್ರಲ್ಲಿ ಎಕ್ಸ್‌ಪೀರಿಯನ್ಸ್ ಅನ್ನೋದು ಬೇರೆ ಭಾಗ, ಪಬ್ಲಿಕೇಶನ್ ಅನ್ನೋದು ಬೇರೆ ಭಾಗ. ಎಕ್ಸ್‌ಪೀರಿಯನ್ಸ್‌ಗಳು ಹೆಚ್ಚೆಂದ್ರೆ 10 ಹಾಕ್ಬಹುದು, ಅದ್ರಲ್ಲಿ 3ನ್ನ ತುಂಬಾ ಮುಖ್ಯ ಅಂತ ನೀವೇ ಆರಿಸಿ ಸ್ವಲ್ಪ ಜಾಸ್ತಿ ಬರೀಬಹುದು.

ಇದಕ್ಕೆ ಇತ್ತೀಚೆಗೆ ಇಷ್ಟು ಬೆಲೆ ಬಂದಿದ್ದಕ್ಕೆ ದೊಡ್ಡ ಕಾರಣ ಅಮೆರಿಕಾದಲ್ಲಿ ಡಾಕ್ಟರ್ ಲೈಸೆನ್ಸ್‌ಗೆ ಬರೆಯೋ ಯುಎಸ್ಎಂಎಲ್ಇ ಪರೀಕ್ಷೆಯ ಮೊದಲ ಹಂತ, ಸ್ಟೆಪ್ 1. 2022ರ ಜನವರಿಯಿಂದ ಅದರಲ್ಲಿ ಮಾರ್ಕ್ಸ್ ಕೊಡೋದು ನಿಲ್ಸಿ ಬರೀ ಪಾಸ್ ಅಥವಾ ಫೇಲ್ ಅಂತ ಮಾಡಿದ್ರು. ಒಳ್ಳೆ ಸ್ಕೋರ್ ತೋರ್ಸಿ ಮುಂದೆ ಹೋಗೋ ದಾರಿ ಒಂದು ಮುಚ್ಚೋಯ್ತು, ಉಳ್ದಿದ್ದು ಅದರ ಮುಂದಿನ ಹಂತ ಸ್ಟೆಪ್ 2ರ ಸ್ಕೋರ್, ರೆಕಮೆಂಡೇಶನ್ ಲೆಟರ್, ಮತ್ತೆ ಈ ರಿಸರ್ಚು.

ಇನ್ನು ಎಲ್ರನ್ನೂ ಹೆದರ್ಸೋ ನಂಬರ್‌ಗಳಿಗೆ ಬರೋಣ. ಅಲ್ಲಿ ರೆಸಿಡೆನ್ಸಿ ಸೀಟ್ ಹಂಚೋದಕ್ಕೆ ಮ್ಯಾಚ್ ಅಂತಾರೆ, ಅದನ್ನ ನಡ್ಸೋ ಎನ್ಆರ್‌ಎಂಪಿ ಸಂಸ್ಥೆಯ 2022ರ ವರದಿ ಪ್ರಕಾರ ನ್ಯೂರೋಸರ್ಜರಿಗೆ ಮ್ಯಾಚ್ ಆದ ಅಮೆರಿಕಾದ ಎಂಡಿ ಸೀನಿಯರ್‌ಗಳ, ಅಂದ್ರೆ ಅಲ್ಲಿನ ಮೆಡಿಕಲ್ ಕಾಲೇಜಿನ ಕೊನೇ ವರ್ಷದೋರ, ರಿಸರ್ಚ್ ಲೆಕ್ಕದ ಸರಾಸರಿ 25 ದಾಟಿತ್ತು, ಪ್ಲಾಸ್ಟಿಕ್ ಸರ್ಜರಿಯಲ್ಲಿ 28 ದಾಟಿತ್ತು. ಅಯ್ಯೋ, ಸ್ಟೂಡೆಂಟ್ ಆಗಿದ್ದಾಗ್ಲೇ 28 ಪೇಪರಾ ಅಂತ ಬಾಯ್ಬಿಡ್ಬೇಡಿ. ಆ ಲೆಕ್ಕದಲ್ಲಿ ಅಬ್‌ಸ್ಟ್ರಾಕ್ಟ್ (ಸ್ಟಡಿಯ ಚಿಕ್ಕ ಸಾರಾಂಶ), ಪ್ರೆಸೆಂಟೇಶನ್, ಪಬ್ಲಿಕೇಶನ್ ಮೂರೂ ಒಂದೇ ಚೀಲಕ್ಕೆ ಹಾಕಿರ್ತಾರೆ. ಒಂದೇ ಸ್ಟಡಿ ಅಬ್‌ಸ್ಟ್ರಾಕ್ಟ್ ಆಗಿ ಒಂದು ಕಡೆ, ಪೋಸ್ಟರ್ ಆಗಿ ಇನ್ನೊಂದು ಕಡೆ, ಕೊನೆಗೆ ಜರ್ನಲ್‌ನಲ್ಲಿ ಪೇಪರ್ ಆಗಿ ಬಂದ್ರೆ ಅಲ್ಲಿಗೆ ಮೂರಾಯ್ತು. ಆದ್ರೂ ಈ ಬ್ರಾಂಚ್‌ಗಳಿಗೆ ಮತ್ತೆ ಡರ್ಮಟಾಲಜಿಗೆ ರಿಸರ್ಚ್ ಇಲ್ದೆ ಹೋಗೋದು ಕಷ್ಟಾನೇ, ಅಲ್ಲಿನ ಹುಡುಗ್ರೇ ಮಧ್ಯೆ ಒಂದು ವರ್ಷ ಓದು ನಿಲ್ಸಿ ರಿಸರ್ಚ್ ಇಯರ್ ಅಂತ ಮಾಡ್ತಾರೆ.

ಫ್ಯಾಮಿಲಿ ಮೆಡಿಸಿನ್, ಸಣ್ಣ ಊರಿನ ಕಮ್ಯುನಿಟಿ ಆಸ್ಪತ್ರೆಯ ಇಂಟರ್ನಲ್ ಮೆಡಿಸಿನ್, ಇಲ್ಲೆಲ್ಲ ಕಥೆನೇ ಬೇರೆ. ಯೂನಿವರ್ಸಿಟಿ ಆಸ್ಪತ್ರೆಗಳ ರೆಸಿಡೆನ್ಸಿ ಪ್ರೋಗ್ರಾಮ್‌ಗಳು ರಿಸರ್ಚ್ ನೋಡ್ತಾವೆ, ಆದ್ರೆ ಈ ಕಡೆ ಸ್ಟೆಪ್ 2, ವೀಸಾ ಬೇಕಾ ಬೇಡ್ವಾ, ಪಾಸಾಗಿ ಎಷ್ಟು ವರ್ಷ ಆಯ್ತು, ಅಮೆರಿಕಾದ ಆಸ್ಪತ್ರೆಯಲ್ಲಿ ಪೇಷೆಂಟ್ ನೋಡಿ ಗೊತ್ತಾ ಅನ್ನೋದೇ ಮೊದ್ಲು. ನಮ್ಮೋರು ತುಂಬಾ ಜನ ಎಡವೋದು ಇಲ್ಲೇ ಅಂತ ನಂಗನ್ಸುತ್ತೆ. ಅಲ್ಲಿ ಹೋಗಿ ಸಂಬಳ ಇಲ್ದೆ ಎರಡೆರಡು ವರ್ಷ ರಿಸರ್ಚ್ ಫೆಲೋ ಅಂತ ದುಡೀತಾರೆ, ಅದನ್ನೇ ಕ್ಲಿನಿಕಲ್ ಎಕ್ಸ್‌ಪೀರಿಯನ್ಸ್ ಅಂತ ಅಂದ್ಕೊಂಡಿರ್ತಾರೆ, ಅದು ಆ ಲೆಕ್ಕಕ್ಕೆ ಬರಲ್ಲ ಕಣ್ರಿ. ಡೇಟಾ ಮುಂದೆ ಕೂತಿದ್ದು ಬೇರೆ, ವಾರ್ಡ್‌ನಲ್ಲಿ ನಿಂತಿದ್ದು ಬೇರೆ. ಮೇಲಾಗಿ ಪಾಸಾದ ವರ್ಷ ಹಳೇದಾಗ್ತಾ ಹೋಗುತ್ತೆ, ಇಷ್ಟು ವರ್ಷ ದಾಟಿದೋರು ಬೇಡ ಅಂತ ಎಷ್ಟೋ ಪ್ರೋಗ್ರಾಮ್‌ಗಳು ಮೊದ್ಲೇ ಫಿಲ್ಟರ್ ಹಾಕಿರ್ತಾವೆ.

ಹಾಗಾದ್ರೆ ಆ ಎರಡು ವರ್ಷದಲ್ಲಿ ಸಿಗೋದೇನು ಅಂದ್ರೆ, ಪೇಪರ್‌ಗಿಂತ ಜಾಸ್ತಿ ಬೆಲೆ ಬಾಳೋದು ಲೆಟರ್. ನಿಮ್ಮನ್ನ ದಿನಾ ನೋಡಿದ ಪ್ರೊಫೆಸರ್ ತಮ್ಮ ಪರಿಚಯದ ಪ್ರೋಗ್ರಾಮ್ ಡೈರೆಕ್ಟರ್‌ಗೆ ಒಂದು ಫೋನ್ ಮಾಡಿ ಈ ಹುಡುಗಿ ಚೆನ್ನಾಗಿ ಕೆಲಸ ಮಾಡ್ತಾಳೆ ಅಂದ್ರೆ, ಇಂಟರ್‌ವ್ಯೂ ಸಿಗೋ ಚಾನ್ಸ್ ಜಾಸ್ತಿ ಆಗುತ್ತೆ.

ಆ ಇಂಟರ್‌ವ್ಯೂನಲ್ಲಿ ನಿಮ್ಮ ಅಪ್ಲಿಕೇಶನ್‌ನ ರಿಸರ್ಚ್ ಲಿಸ್ಟ್‌ನಿಂದ ಯಾವ್ದೋ ಒಂದು ಸಾಲು ಎತ್ಕೊಂಡು ಕೇಳ್ತಾರೆ. ಡಯಾಲಿಸಿಸ್‌ನಲ್ಲಿದ್ದೋರನ್ನ ಸ್ಟಡಿಯಿಂದ ಯಾಕೆ ಹೊರಗಿಟ್ರಿ? ಇದ್ರಲ್ಲಿ ನಿಮ್ಮ ಕೆಲಸ ಯಾವ್ದು? ದುಡ್ಡು ಕೊಟ್ಟು ಆಥರ್ ಲಿಸ್ಟ್‌ನಲ್ಲಿ ಐದನೇ ಹೆಸರಾಗಿ ಸೇರ್ಕೊಂಡೋರು ತಡವರ್ಸೋದು ಇಲ್ಲೇ. ಆಥರ್ ಅಂತ ಹೆಸರು ಬರ್ಬೇಕಾದ್ರೆ ಕೆಲಸದಲ್ಲಿ ದೊಡ್ಡ ಪಾಲು, ಬರೆಯೋದ್ರಲ್ಲಿ ಅಥವಾ ತಿದ್ದೋದ್ರಲ್ಲಿ ಕೈ, ಕೊನೇ ಕಾಪಿಗೆ ಒಪ್ಪಿಗೆ, ತಪ್ಪಾದ್ರೆ ಜವಾಬ್ದಾರಿ, ಈ ನಾಲ್ಕೂ ಇರ್ಬೇಕು ಅಂತ ಮೆಡಿಕಲ್ ಜರ್ನಲ್ ಸಂಪಾದಕರ ಸಮಿತಿ ಐಸಿಎಂಜೆಇಯ ನಿಯಮ ಇದೆ. ಜರ್ನಲ್‌ಗೆ ಬರೀ ಕಳ್ಸಿರೋ ಪೇಪರ್‌ನ ಪಬ್ಲಿಷ್ಡ್ ಅಂತ ಹಾಕೋದಂತೂ ಬೇಡ್ವೇ ಬೇಡ, ದೂರು ಹೋದ್ರೆ ಎರಾಸ್ ನಡ್ಸೋ ಎಎಎಂಸಿ ಅನ್ನೋ ಸಂಸ್ಥೆ ತನಿಖೆ ಮಾಡುತ್ತೆ.

ಇಲ್ಲೇ ಎಂಬಿಬಿಎಸ್ ಓದ್ತಿರೋರಿಗೆ ಇರೋ ಒಳ್ಳೆ ದಾರಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಎಸ್‌ಟಿಎಸ್, ಅಂದ್ರೆ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್. ಸುಮಾರು ಎರಡು ತಿಂಗಳ ಪ್ರಾಜೆಕ್ಟು, ಕಾಲೇಜಿನ ಗೈಡ್ ಒಬ್ರು ಇರ್ಬೇಕು, ಪ್ರಪೋಸಲ್ ಬರ್ಯೋದ್ರಿಂದ ರಿಪೋರ್ಟ್ ಕಳ್ಸೋವರೆಗೂ ನೀವೇ ಓಡಾಡ್ಬೇಕು. ಅದು ಪೇಪರ್ ಆಗದೇ ಇದ್ರೂ ಎಕ್ಸ್‌ಪೀರಿಯನ್ಸ್ ಭಾಗದಲ್ಲಿ ಧೈರ್ಯವಾಗಿ ಹಾಕ್ಬಹುದು, ಪಬ್ಲಿಕೇಶನ್ ಭಾಗದಲ್ಲಿ ಮಾತ್ರ ಹಾಕೋ ಹಾಗಿಲ್ಲ.