ಪದ ಪರಿಚಯ: ಮುಲ್ಲೇರಿಯನ್ ನಾಳ

ಬಾಗಲಕೋಟೆಯಲ್ಲಾಗಲಿ ವಿಜಯಪುರದಲ್ಲಾಗಲಿ ಗರ್ಭಕೋಶದ ಸ್ಕ್ಯಾನಿಂಗ್ ಮಾಡಿಸಿದಾಗ ರಿಪೋರ್ಟ್‌ನಲ್ಲಿ ಒಮ್ಮೊಮ್ಮೆ ‘ಮುಲ್ಲೇರಿಯನ್ ಅನಾಮಲಿ’ ಅಂತ ಬರೆದಿರುತ್ತದೆ, ಅಂದರೆ ಗರ್ಭಕೋಶ ಆಗಬೇಕಾದ ಮುಲ್ಲೇರಿಯನ್ ನಾಳದ ಬೆಳವಣಿಗೆಯಲ್ಲಿ ಆದ ಏರುಪೇರು. ಮನೆಯಲ್ಲಿ ಗುಸುಗುಸು ಶುರು. ‘ಹುಡುಗಿ ಮೈಯಾಗ ಏನೋ ಐತಂತ.’ ಇದು ಅಂಟಿದ ರೋಗವಲ್ಲ, ಆಕೆ ಏನೋ ತಿಂದು ಆದದ್ದೂ ಅಲ್ಲ. ಆಕೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆಗಿಹೋದದ್ದು.

ಗಂಡೋ ಹೆಣ್ಣೋ ಅನ್ನೋದು ಗರ್ಭ ಕಟ್ಟಿದ ಗಳಿಗೆಯಲ್ಲೇ ತಂದೆಯ ಕಡೆಯಿಂದ ಎಕ್ಸ್ ಕ್ರೋಮೋಸೋಮ್ ಬಂತೋ ವೈ ಬಂತೋ ಅನ್ನೋದರ ಮೇಲೆ ಸಾಮಾನ್ಯವಾಗಿ ತೀರ್ಮಾನ ಆಗಿರುತ್ತದೆ (ಸೊಸೆಯನ್ನ ಬೈಯುವವರು ಇದನ್ನ ಎರಡು ಸಲ ಓದಿ). ಆದರೆ ಅಂಗಗಳು ಆಗ ಇರೋದಿಲ್ಲ. ಸುಮಾರು ಏಳನೇ ವಾರದ ಹೊತ್ತಿಗೆ ಎಲ್ಲ ಭ್ರೂಣದಲ್ಲೂ ಎರಡು ಜೊತೆ ಸಣ್ಣ ನಾಳ ಇರುತ್ತವೆ, ವುಲ್ಫಿಯನ್ ಒಂದು ಜೊತೆ, ಮುಲ್ಲೇರಿಯನ್ ಒಂದು ಜೊತೆ. ಎರಡನೆಯದನ್ನ 1830ರಲ್ಲಿ ವಿವರಿಸಿದವರು ಜರ್ಮನಿಯ ಯೋಹಾನೆಸ್ ಮುಲ್ಲರ್, ಹೆಸರು ಅವರದ್ದೇ.

ವೈ ಮೇಲಿನ ಎಸ್‌ಆರ್‌ವೈ ಅನ್ನೋ ಜೀನ್ ಕೆಲಸ ಶುರು ಮಾಡಿದರೆ ವೃಷಣ ತಯಾರಾಗುತ್ತದೆ. ಅದು ಎರಡು ಹಾರ್ಮೋನ್ ಬಿಡುತ್ತದೆ. ಟೆಸ್ಟೋಸ್ಟೆರಾನ್ ವುಲ್ಫಿಯನ್ ನಾಳವನ್ನ ಉಳಿಸಿ ವೀರ್ಯನಾಳ ಮಾಡುತ್ತದೆ. ಎಎಂಎಚ್ (ಆ್ಯಂಟಿ-ಮುಲ್ಲೇರಿಯನ್ ಹಾರ್ಮೋನ್) ಅನ್ನೋದು ಮುಲ್ಲೇರಿಯನ್ ನಾಳವನ್ನ ಕರಗಿಸುತ್ತದೆ. ಹೌದು, ಮಕ್ಕಳಾಗದವರಿಗೆ ಬರೆದುಕೊಡುವ ರಕ್ತಪರೀಕ್ಷೆಯ ಎಎಂಎಚ್ ಇದೇ, ಮುಂದೆ ಅಂಡಾಶಯವೂ ಅದನ್ನ ಮಾಡುತ್ತದೆ.

ಇದನ್ನ ಕಣ್ಣಾರೆ ನೋಡಬೇಕಾ? ಗೋಕಾಕ, ಅಥಣಿ ಕಡೆ ಎಚ್‌ಎಫ್ ತಳಿಯ ಆಕಳು ಕಟ್ಟಿದವರ ಕೊಟ್ಟಿಗೆಗೆ ಹೋಗಿ. ಅವಳಿ ಕರು ಹುಟ್ಟಿ ಒಂದು ಹೋರಿಗರು, ಒಂದು ಹೆಣ್ಣುಗರು ಆದರೆ, ಆ ಹೆಣ್ಣುಗರು ನೂರಕ್ಕೆ ತೊಂಬತ್ತರಷ್ಟು ಗೊಡ್ಡು. ಹೊಟ್ಟೆಯಲ್ಲಿ ಎರಡರ ಮಾಸಿನ ರಕ್ತನಾಳ ಕೂಡಿಕೊಂಡಿರುತ್ತವೆ, ಅಣ್ಣನ ಹಾರ್ಮೋನ್ ತಂಗಿಯ ಮೈಗೆ ಹರಿದು ಅದರ ಗರ್ಭಕೋಶ ಸರಿಯಾಗಿ ಬೆಳೆಯೋದೇ ಇಲ್ಲ. 1910ರ ದಶಕದಲ್ಲಿ ಅಮೆರಿಕದ ಫ್ರಾಂಕ್ ಲಿಲ್ಲಿ ಇಂಥ ಕರುಗಳನ್ನ ನೋಡಿಯೇ ಇದು ರಕ್ತದಲ್ಲಿ ಹರಿಯುವ ಯಾವುದೋ ವಸ್ತುವಿನ ಕೆಲಸ ಅಂದರು. 1940ರ ದಶಕದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಮೊಲದ ಭ್ರೂಣಗಳಲ್ಲಿ ಅದನ್ನ ತೋರಿಸಿಕೊಟ್ಟರು. ಮನುಷ್ಯರ ಗಂಡು-ಹೆಣ್ಣು ಅವಳಿಯಲ್ಲಿ ಸಾಮಾನ್ಯವಾಗಿ ರಕ್ತ ಹೀಗೆ ಕೂಡೋದಿಲ್ಲ, ಆ ಚಿಂತೆ ಬೇಡ.

ಹೆಣ್ಣು ಭ್ರೂಣದಲ್ಲಿ ಎಎಂಎಚ್ ಆಗ ಇಲ್ಲದ್ದರಿಂದ ಮುಲ್ಲೇರಿಯನ್ ಜೊತೆ ಉಳಿಯುತ್ತದೆ. ಮೇಲಿನ ತುದಿಗಳು ಎರಡು ಗರ್ಭನಾಳ ಆಗುತ್ತವೆ. ಕೆಳಗಿನ ಭಾಗ ನಡುವೆ ಬಂದು ಒಂದಕ್ಕೊಂದು ಕೂಡಿ, ಮಧ್ಯದ ಗೋಡೆ ಕರಗಿ, ಒಂದೇ ಗರ್ಭಕೋಶ ಮತ್ತು ಯೋನಿಯ ಮೇಲ್ಭಾಗ ಆಗಬೇಕು. ಪೂರ್ತಿ ಕೂಡದಿದ್ದರೆ ಎರಡು ಕೊಂಬಿನ ಗರ್ಭಕೋಶ. ಗೋಡೆ ಕರಗದಿದ್ದರೆ ನಡುವೆ ಪರದೆ. ಒಂದು ಬದಿ ಮಾತ್ರ ಬೆಳೆದರೆ ಅರ್ಧ ಗರ್ಭಕೋಶ. ಎರಡೂ ಬೆಳೆಯದೆ ಗರ್ಭಕೋಶವೇ ಇಲ್ಲದ್ದು ಅಪರೂಪ, ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ. ಇವರಿಗೆ ಅಂಡಾಶಯ ಚೆನ್ನಾಗೇ ಇರುತ್ತದೆ, ಯಾಕಂದರೆ ಅದು ಈ ನಾಳದಿಂದ ಬಂದದ್ದಲ್ಲ. ಹರೆಯದ ಲಕ್ಷಣವೂ ಬರುತ್ತದೆ, ಮುಟ್ಟು ಮಾತ್ರ ಆಗೋದಿಲ್ಲ. ಪರದೆ, ಎರಡು ಕೊಂಬು ಇರುವ ಎಷ್ಟೋ ಜನ ಮಕ್ಕಳನ್ನ ಹೆತ್ತಿದ್ದಾರೆ. ಕೆಲವರಿಗೆ ಗರ್ಭ ನಿಲ್ಲದೆ ಜಾರೋದು, ದಿನ ತುಂಬುವ ಮೊದಲೇ ಹೆರಿಗೆ ಆಗೋದು ಜಾಸ್ತಿ.

ಇಂಥ ರಿಪೋರ್ಟ್ ನೋಡಿ ಡಾಕ್ಟರ್ ‘ಕಿಡ್ನಿ ಸ್ಕ್ಯಾನ್ ಕೂಡ ಮಾಡಿಸಿ’ ಅಂದರೆ, ಸುಮ್ನೆ ಬಿಲ್ ಏರಿಸ್ತಾರೆ ಅಂದುಕೊಳ್ಳಬೇಡಿ. ಮುಲ್ಲೇರಿಯನ್ ನಾಳ ಕೆಳಗಿಳಿಯೋದು ವುಲ್ಫಿಯನ್ ನಾಳದ ಗುಂಟವೇ, ಕಿಡ್ನಿಯ ಮೊಗ್ಗು ಒಡೆಯೋದೂ ಅದೇ ವುಲ್ಫಿಯನ್‌ನಿಂದ. ಅಲ್ಲಿ ಎಡವಟ್ಟಾದರೆ ಒಂದು ಬದಿಯ ಕಿಡ್ನಿಯೇ ಇಲ್ಲದಿರಬಹುದು.